ಕೊಲೊನೊಸ್ಕೋಪಿಗೆ ಕರುಳನ್ನು ಸರಿಯಾಗಿ ಸಿದ್ಧಮಾಡುವುದು ಹೇಗೆ?

ಕೊಲೊನೊಸ್ಕೋಪಿ ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಅಲ್ಲಿ ಹುಡುಕುವುದು ಮುಖ್ಯವಾಗಿ ಪಾಲಿಪ್‌ಗಳನ್ನು. ದೊಡ್ಡಕರುಳಿನ ಒಳಪದರದಲ್ಲಿ ಏಳುವ ಪುಟ್ಟ ಗಂಟೇ ಪಾಲಿಪ್. ಬಹುಪಾಲು ನಿರುಪದ್ರವಿ. ಆದರೆ ಅಡೆನೋಮ ಎಂಬ ಬಗೆಯ ಕೆಲವು, ಸುಮಾರು ಹತ್ತು ವರ್ಷ ಸದ್ದಿಲ್ಲದೆ ಬೆಳೆದು ಕ್ಯಾನ್ಸರ್ ಆಗುತ್ತವೆ. ನೋವು ಬರಲೆಂದು ಕಾಯಬೇಡಿ, ಸಾಮಾನ್ಯವಾಗಿ ಅದು ಬರುವುದೇ ಇಲ್ಲ.

1. ತಪಾಸಣೆ ಯಾವಾಗ ಶುರು? ಅನೇಕ ಮಾರ್ಗಸೂಚಿಗಳು 45 ಅಥವಾ 50ನೇ ವಯಸ್ಸು ಎನ್ನುತ್ತವೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು. ಯಾವುದು ಮುಂಚೆಯೋ ಅದು. ಮಲದಲ್ಲಿ ರಕ್ತ ಕಂಡರೆ ವಯಸ್ಸು ನೋಡದೆ ವೈದ್ಯರ ಬಳಿ ಹೋಗಿ.

2. ಯಾವ ಪರೀಕ್ಷೆ? ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ‘ಫಿಟ್’ ಪರೀಕ್ಷೆಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಅದು ಪಾಸಿಟಿವ್ ಬಂದರೆ ‘ಮೂಲವ್ಯಾಧಿ ಇರಬೇಕು’ ಎಂದು ಸಮಾಧಾನ ಮಾಡಿಕೊಂಡು ಅದನ್ನೇ ಮತ್ತೆ ಮಾಡಿಸಬೇಡಿ, ಕೊಲೊನೊಸ್ಕೋಪಿ ಆಗಲೇಬೇಕು. ನನ್ನನ್ನು ಕೇಳಿದರೆ ಮೊದಲೇ ಕೊಲೊನೊಸ್ಕೋಪಿ ಮಾಡಿಸಿ. ಪಾಲಿಪ್ ಸಿಕ್ಕರೆ ಹೆಚ್ಚಾಗಿ ಅಲ್ಲೇ ತೆಗೆದುಬಿಡುತ್ತಾರೆ.

3. ಕರುಳು ತೊಳೆಯುವುದು. ಜನ ಎಡವುವುದು ಇಲ್ಲೇ.

ಕಬ್ಬಿಣದ ಮಾತ್ರೆಯನ್ನು ವಾರ ಮೊದಲೇ ನಿಲ್ಲಿಸಬೇಕಾಗಬಹುದು. ಸಕ್ಕರೆ ಕಾಯಿಲೆಯ ಔಷಧ, ರಕ್ತ ತೆಳುಮಾಡುವ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಎರಡು ಮೂರು ದಿನ ಮೊದಲಿನಿಂದ ಬೀಜ, ಸಿಪ್ಪೆ, ಸೊಪ್ಪು, ಕಾಳು ಬಿಡಿ. ಹಿಂದಿನ ದಿನ ಏನು ತಿನ್ನಬಹುದೆಂದು ಆಸ್ಪತ್ರೆಯ ಚೀಟಿಯಲ್ಲಿರುತ್ತದೆ. ಕೆಂಪು, ನೇರಳೆ ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ.

ಕರುಳು ತೊಳೆಯಲು ಕುಡಿಯುವ ಭೇದಿ ಔಷಧವಾದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಎರಡು ಪಾಲು ಮಾಡಿ. ಅರ್ಧ ಹಿಂದಿನ ಸಂಜೆ. ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರುಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸಿ. ರಾತ್ರಿ ನಾಲ್ಕೈದು ಸಲ ನೀರಾಗಿ ಹೋದೊಡನೆ ‘ಹೊಟ್ಟೆ ಖಾಲಿಯಾಯಿತಲ್ಲ’ ಎಂದು ಎರಡನೇ ಪಾಲು ಚೆಲ್ಲುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ! ರಾತ್ರಿಯಿಡೀ ಸಣ್ಣಕರುಳಿನಿಂದ ಪಿತ್ತ, ಲೋಳೆ ಇಳಿದು ದೊಡ್ಡಕರುಳಿನ ಬಲಭಾಗಕ್ಕೆ ಅಂಟಿಕೊಳ್ಳುತ್ತವೆ. ಚಪ್ಪಟೆ ಪಾಲಿಪ್‌ಗಳು ಅಡಗುವುದೂ ಅದೇ ಜಾಗದಲ್ಲಿ. ಬೆಳಗಿನ ಆ ಪಾಲೇ ಅದನ್ನು ತೊಳೆಯುವುದು. ಹೋಗುತ್ತಿರುವುದು ಮೂತ್ರದಂತೆ ತಿಳಿಹಳದಿಯಾಗಿ, ತಳ ಕಾಣುವಂತಿರಬೇಕು. ಕಂದು, ಕದಡು ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ರುಚಿ ಹಿಡಿಸದಿದ್ದರೆ ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕುಡಿಯಿರಿ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಿ. ‘ಕರುಳು ಶುದ್ಧಿ’ ಎಂದು ಮಾರುವ ಪುಡಿಗಳು ಇದಕ್ಕೆ ಬದಲಿಯಲ್ಲ. ಕರುಳು ತೊಳೆಯಲು ಕುಡಿಯುವ ಇನ್ನೊಂದು ಔಷಧ ಸೋಡಿಯಂ ಫಾಸ್ಫೇಟ್ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ವಯಸ್ಸಾದವರು, ಮೂತ್ರಪಿಂಡದ ತೊಂದರೆಯವರು ಅದರ ತಂಟೆಗೇ ಹೋಗಬಾರದು.

4. ಪರೀಕ್ಷೆಯ ದಿನ. ಮಂಪರಿನ ಔಷಧ ಕೊಡುವುದರಿಂದ ಜೊತೆಗೊಬ್ಬರು ಇರಲಿ, ಅಂದು ವಾಹನ ಓಡಿಸಬೇಡಿ.

5. ವರದಿ. ‘ಎಲ್ಲ ಸರಿಯಿದೆ’ ಎಂಬ ಬಾಯಿಮಾತು ಸಾಲದು. ಪಾಲಿಪ್ ಎಷ್ಟು, ಯಾವ ಗಾತ್ರ, ಯಾವ ಬಗೆ, ಕರುಳು ಎಷ್ಟು ಶುಚಿಯಾಗಿತ್ತು ಎಂಬುದೆಲ್ಲ ಲಿಖಿತವಾಗಿರಲಿ. ಏನೂ ಸಿಗದಿದ್ದರೆ ಸಾಮಾನ್ಯವಾಗಿ 10 ವರ್ಷಕ್ಕೆ ಮತ್ತೆ. 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಅಡೆನೋಮ ತೆಗೆದಿದ್ದರೆ 3 ವರ್ಷಕ್ಕೆ. ಅಂಥದ್ದು ಸಿಕ್ಕಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಹೇಳಿ. ಅವರ ತಪಾಸಣೆ ಬೇಗ ಶುರುವಾಗಬೇಕಾಗಬಹುದು.