ಕರಿನೀರಿಗೆ ಹೋದ ಅಜ್ಜನ ಜಾಡು ಹಿಡಿಯುವುದು

‘ನಮ್ಮ ಅಜ್ಜನ ಅಜ್ಜ ಕರಿನೀರಿಗೆ ಹೋದವರು, ಮತ್ತೆ ಬರಲಿಲ್ಲ’ ಎನ್ನುವವರು, ಎಂದರೆ ಬ್ರಿಟಿಷರು ಶಿಕ್ಷೆ ಕೊಟ್ಟು ಕಡಲಾಚೆಗೆ ಸಾಗಿಸಿದವರ ಮನೆಯವರು, ಕಾಸರಗೋಡಿನ ಕುಂಬಳೆ, ಮಂಜೇಶ್ವರದ ಕಡೆ ಈಗಲೂ ಸಿಗುತ್ತಾರೆ. ಅವರಲ್ಲಿ ಒಬ್ಬರು ದಾಖಲೆ ಹುಡುಕಿಕೊಂಡು ತಿರುವನಂತಪುರಕ್ಕೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಸಿಗುವುದಾದರೂ ಹೇಗೆ? ಕಾಸರಗೋಡು ಈಗ ಕೇರಳದಲ್ಲಿದ್ದರೂ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದ ತಾಲೂಕು. ಹಳೆಯ ಕಾಗದ ನೋಡಬೇಕಾದದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ನ್ಯಾಯ ಇಲಾಖೆಯ ನಡವಳಿಗಳಲ್ಲಿ.

ಮೊದಲು ಮನೆಯ ಹಿರಿಯರನ್ನು ಕೇಳಿ ಇಸವಿಯನ್ನು ಅಂದಾಜು ಮಾಡಿಕೊಳ್ಳಿ. ಅಂಡಮಾನಿನಲ್ಲಿ ಕೈದಿಗಳ ವಸಾಹತು ಶುರುವಾದದ್ದು 1858ರಲ್ಲಿ. ಅದಕ್ಕೂ ಹಿಂದಿನವರಾದರೆ ಪೆನಾಂಗ್, ಮಲಾಕಾ, ಸಿಂಗಾಪುರ ನೋಡಿ. ಬ್ರಿಟಿಷರ ವಿರುದ್ಧ 1837ರಲ್ಲಿ ಎದ್ದ ದಂಗೆಯಾದ ಕಲ್ಯಾಣಪ್ಪನ ಕಾಟಕಾಯಿಯಲ್ಲಿ ಸಿಕ್ಕಿಬಿದ್ದವರನ್ನು ಅಂಡಮಾನಿಗೆ ಸಾಗಿಸಿದರು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ. ಅಂಡಮಾನಿನ ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದೇ 1906ರಲ್ಲಿ. 1870ರಲ್ಲಿ ಹೋದವರ ಹೆಸರನ್ನು ಅಲ್ಲಿನ ಫಲಕದಲ್ಲಿ ಹುಡುಕಬೇಡಿ.

ಎಲ್ಲರೂ ಮುಗ್ಗರಿಸುವುದು ಹೆಸರಿನಲ್ಲಿ. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಐತಪ್ಪ ‘ಇಟಾಪ’ ಆಗಿರಬಹುದು, ಚನಿಯ ‘ಚುನ್ಯಾ’. ಮನೆಹೆಸರನ್ನೇ ತಂದೆಯ ಹೆಸರು ಎಂದುಕೊಂಡಿರಬಹುದು. ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಯಾದರೆ ಇನ್ನೂ ಗೋಜಲು: ನೀವು ಕೇಳಿರುವುದು ಸೋದರಮಾವನ ಹೆಸರು, ದಾಖಲೆಯಲ್ಲಿರುವುದು ಅಪ್ಪನದು. ಹಾಗಾಗಿ ಹೆಸರನ್ನು ಹತ್ತು ಬಗೆಯಲ್ಲಿ ಕಾಗದದಲ್ಲಿ ಬರೆದಿಟ್ಟುಕೊಂಡೇ ಹೊರಡಿ. ಕೈದಿಗಳ ಚಹರೆಪಟ್ಟಿಯಲ್ಲಿ ತಂದೆಯ ಹೆಸರು, ಜಾತಿ, ವಯಸ್ಸು, ಎತ್ತರ, ಮೈಮೇಲಿನ ಗುರುತು ಇರುತ್ತವೆ. ಹೆಸರೊಂದೇ ಕೂಡಿತೆಂದು ಕುಣಿಯಬೇಡಿ, ಕಡಿಮೆಯೆಂದರೆ ಮೂರು ವಿವರ ತಾಳೆಯಾಗಬೇಕು.

ಕೈದಿಯ ನಂಬರು ಸಿಕ್ಕರೆ ಅದನ್ನು ಬಿಡಬೇಡಿ. ಅಂಡಮಾನಿನಲ್ಲಿ ಕೊರಳಿಗೆ ಕಟ್ಟುತ್ತಿದ್ದ ಮರದ ಬಿಲ್ಲೆಯಲ್ಲಿ ನಂಬರು, ಅಪರಾಧದ ಕಲಮು, ಶಿಕ್ಷೆಯಾದ ತಾರೀಖು ಇರುತ್ತಿದ್ದವು. ಕಲಮು 302 ಎಂದಿದ್ದರೆ, ಆಗಿನ ದಂಡಸಂಹಿತೆಯಂತೆ ಅದು ಕೊಲೆ. ಅಜ್ಜ ಸ್ವಾತಂತ್ರ್ಯ ಹೋರಾಟಗಾರರೇ ಆಗಿರಬೇಕೆಂಬ ಹಟವಿದ್ದರೆ ಇಲ್ಲಿಗೇ ನಿಲ್ಲಿಸುವುದು ಮೇಲು.

ಅಂಡಮಾನಿನ ಕಾಗದಗಳಿಗೆ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ಗೃಹ ಇಲಾಖೆ, ಪೋರ್ಟ್ ಬ್ಲೇರ್ ಶಾಖೆಯ ಕಡತಗಳನ್ನು ನೋಡಿ. ಅದರ ‘ಅಭಿಲೇಖ ಪಟಲ್’ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ವಂಶವೃಕ್ಷ ಮಾಡಿಕೊಡುತ್ತೇವೆಂದು ದುಡ್ಡು ಕೇಳುವ ಆ್ಯಪುಗಳ ಸಹವಾಸ ಬೇಡ. ನನ್ನ ಪರಿಚಯದವರೊಬ್ಬರಿಗೆ ಅಂಥದೊಂದು ಪಂಜಾಬಿನ ಅಜ್ಜನನ್ನು ಹುಡುಕಿಕೊಟ್ಟಿತು.

ಪೋರ್ಟ್ ಬ್ಲೇರಿನಲ್ಲೇ ಇದ್ದ ಬಹಳಷ್ಟು ದಾಖಲೆ 1942–45ರ ಜಪಾನೀಯರ ಕಾಲದಲ್ಲಿ ಹಾಳಾಯಿತು. ವಿಮಾನದ ಟಿಕೆಟು ಕೊನೆಗೆ ತೆಗೆಯಿರಿ.