ಮೈಲುತುತ್ತಿನ ತಾಮ್ರಕ್ಕೆ ಅಂಕಿ ಎಷ್ಟು? ಉತ್ಕರ್ಷಣ ಸಂಖ್ಯೆ ಹುಡುಕುವ ಬಗೆ

ಮಳೆ ಹಿಡಿಯುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರ ಮನೆಗಳಿಗೆ ಮೈಲುತುತ್ತಿನ ಚೀಲ ಬಂದಿರುತ್ತದೆ. ಕೊಳೆರೋಗಕ್ಕೆ ಮದ್ದು ಬಿಡಬೇಕಲ್ಲ! ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಶೇ 1ರ ಬೋರ್ಡೋ ದ್ರಾವಣದ ಈ ಲೆಕ್ಕ ತೋಟದ ಮನೆಯ ಮಕ್ಕಳಿಗೆ ಬಾಯಿಪಾಠ. ಅದೇ ಮೈಲುತುತ್ತು ಪಾಠಪುಸ್ತಕದಲ್ಲಿ ಕಾಪರ್ ಸಲ್ಫೇಟ್ ಆಗಿ ಬಂದು, ‘ತಾಮ್ರದ ಉತ್ಕರ್ಷಣ ಸಂಖ್ಯೆ ಎಷ್ಟು?’ ಎಂದು ಕೇಳಿದರೆ ತಡವರಿಸುತ್ತಾರೆ. ಸಂಯುಕ್ತದಲ್ಲಿ ಒಂದು ಪರಮಾಣು ಎಷ್ಟು ಇಲೆಕ್ಟ್ರಾನು ಕೊಟ್ಟಿದೆ (+) ಅಥವಾ ಪಡೆದಿದೆ (-) ಎಂದು ಲೆಕ್ಕಕ್ಕೆ ಹಿಡಿಯುವ ಅಂಕಿಯೇ ಉತ್ಕರ್ಷಣ ಸಂಖ್ಯೆ.

ತಡವರಿಸಲು ಕಾರಣವಿದೆ. ಸಂಯುಕ್ತಗಳಲ್ಲಿ ಸೋಡಿಯಂ ಎಂದರೆ +1, ಕ್ಯಾಲ್ಸಿಯಂ ಎಂದರೆ +2. ಕಣ್ಣು ಮುಚ್ಚಿ ಬರೆಯಬಹುದು. ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ನಂತಹ ಸಂಕ್ರಮಣ ಲೋಹಗಳಲ್ಲಿ ಹಾಗೆ ನಡೆಯುವುದಿಲ್ಲ. ಕಬ್ಬಿಣ ತನ್ನ ಹೊರಕವಚದ ಎರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟರೆ +2. ಒಳಗಿನ ‘ಡಿ’ ಉಪಕವಚದಿಂದಲೂ ಒಂದನ್ನು ಕೊಟ್ಟರೆ +3. ಎರಡರ ಶಕ್ತಿಮಟ್ಟವೂ ಹತ್ತಿರ ಹತ್ತಿರ ಇರುವುದರಿಂದ ಎರಡೂ ಆಗುತ್ತದೆ. ಆದ್ದರಿಂದ ಲೋಹದ ಅಂಕಿಯನ್ನು ಉರುಹೊಡೆಯಬೇಡಿ. ಜೊತೆಗಿರುವ ಋಣ ಅಯಾನನ್ನು (ಋಣ ವಿದ್ಯುದಂಶವಿರುವ ಪರಮಾಣು ಅಥವಾ ಪರಮಾಣುಗಳ ಗುಂಪನ್ನು) ಹಿಡಿದು ಲೆಕ್ಕ ಹಾಕಿ.

ನೆನಪಿಡಬೇಕಾದದ್ದು ಇಷ್ಟೇ. ಕ್ಲೋರೈಡ್, ನೈಟ್ರೇಟ್, ಹೈಡ್ರಾಕ್ಸೈಡ್‌ಗಳಿಗೆ -1. ಆಕ್ಸೈಡ್, ಸಲ್ಫೇಟ್, ಕಾರ್ಬೊನೇಟ್‌ಗಳಿಗೆ -2. ಫಾಸ್ಫೇಟಿಗೆ -3.

ಈಗ ಮೈಲುತುತ್ತಿನ ಹರಳನ್ನೇ ತೆಗೆದುಕೊಳ್ಳಿ. ಒಂದು ತಾಮ್ರ, ಒಂದು ಸಲ್ಫೇಟ್, ಜೊತೆಗೆ ಐದು ನೀರಿನ ಅಣುಗಳು. ನೀರಿನ ಪಾಲು ಸೊನ್ನೆ, ಅದನ್ನು ಬದಿಗಿಡಿ. ಸಲ್ಫೇಟ್ -2. ಇಡೀ ಸಂಯುಕ್ತದ ಮೊತ್ತ ಸೊನ್ನೆಯಾಗಲೇಬೇಕು. ಹಾಗಾಗಿ ತಾಮ್ರಕ್ಕೆ +2. ಇಲ್ಲಿ ಸಲ್ಫೇಟನ್ನು ಬಿಡಿಸಿ ಗಂಧಕ, ಆಮ್ಲಜನಕ ಎಂದು ಬೇರೆ ಬೇರೆ ಲೆಕ್ಕ ಹಾಕುವ ಗೋಜಿಗೆ ಹೋಗಬೇಡಿ. ಸಲ್ಫೈಡಿನಲ್ಲಿ ಗಂಧಕಕ್ಕಿರುವ -2 ಅನ್ನು ಇಲ್ಲಿಗೂ ತಂದು ಎಡವುವವರು ಬಹಳ.

ಇನ್ನೊಂದು ಹೆಜ್ಜೆ ಮುರಕಲ್ಲಿನಲ್ಲಿದೆ (ಜಂಬಿಟ್ಟಿಗೆ ಕಲ್ಲು). ನಮ್ಮ ಮನೆಗಳ ಗೋಡೆಗೂ ಬೇಕಲ ಕೋಟೆಗೂ ಬಳಸಿದ ಈ ಕಲ್ಲು ಕೆಂಪಗಿರುವುದು ಕಬ್ಬಿಣದ ಆಕ್ಸೈಡುಗಳಿಂದ. ಅವುಗಳಲ್ಲೊಂದು ಹೆಮಟೈಟ್: ಎರಡು ಕಬ್ಬಿಣ, ಮೂರು ಆಮ್ಲಜನಕ. ಮೂರು ಆಕ್ಸೈಡ್ ಅಯಾನುಗಳಿಂದ -6, ಹಾಗಾದರೆ ಕಬ್ಬಿಣದ ಒಟ್ಟು ಪಾಲು +6. ನನ್ನ ಬಳಿ ಪಾಠಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿಯೇ ಪೆನ್ನು ಕೆಳಗಿಡುತ್ತಾರೆ. ಆ ಆರು ಇಬ್ಬರ ಪಾಲು. ಎರಡರಿಂದ ಭಾಗಿಸಿದರೆ ಒಂದೊಂದಕ್ಕೆ +3. ಹೆಸರು ಬರೆಯುವಾಗ ಲೋಹದ ಪಕ್ಕ ಆವರಣದಲ್ಲಿ ಹಾಕುವ ರೋಮನ್ ಅಂಕಿ ಈ ಮೂರೇ.

ಭಾಗಿಸಿದಾಗ ಪೂರ್ಣಸಂಖ್ಯೆ ಬಾರದಿದ್ದರೆ ಗಾಬರಿ ಬೇಡ. ಮ್ಯಾಗ್ನಟೈಟಿನಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಎಂಟನ್ನು ಮೂರರಿಂದ ಭಾಗಿಸಬೇಕಾಗುತ್ತದೆ. ಅದು ಸರಾಸರಿ. ನಿಜದಲ್ಲಿ ಒಂದು ಕಬ್ಬಿಣ +2, ಎರಡು +3.

ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ಮಾತ್ರ ದಾರಿ ಸ್ವಲ್ಪ ಬೇರೆ, ಏಕೆಂದರೆ ಮ್ಯಾಂಗನೀಸ್ ಋಣ ಅಯಾನಿನ ಒಳಗೇ ಕುಳಿತಿದೆ. ಪೊಟ್ಯಾಸಿಯಂ +1, ನಾಲ್ಕು ಆಮ್ಲಜನಕಕ್ಕೆ -8, ಉಳಿದದ್ದು +7. ಮ್ಯಾಂಗನೀಸ್ ಏಳು ಇಲೆಕ್ಟ್ರಾನುಗಳನ್ನು ಪೂರ್ತಿ ಕಳೆದುಕೊಂಡಿದೆ ಎಂದು ಇದರಿಂದ ತಿಳಿಯಬಾರದು. ಅಲ್ಲಿ ಇಲೆಕ್ಟ್ರಾನುಗಳು ಹಂಚಿಕೆಯಲ್ಲಿವೆ, +7 ಎಂಬುದು ಲೆಕ್ಕದ ಅನುಕೂಲಕ್ಕೆ.

ಉತ್ತರ ಸರಿಯೇ ಎಂದು ಕಣ್ಣಾರೆ ನೋಡಬೇಕೇ? ಮದ್ದು ಕದಡುವಲ್ಲಿಗೆ ಹೋಗಿ. ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ, ಅಲಗಿನ ಮೇಲೆ ತೆಳುವಾಗಿ ಕೆಂಗಂದು ಬಣ್ಣ ಹಿಡಿದರೆ ಅದು ತಾಮ್ರ. ಬಿಡಿ ಲೋಹದ ಉತ್ಕರ್ಷಣ ಸಂಖ್ಯೆ ಸೊನ್ನೆ. ದ್ರಾವಣದಲ್ಲಿದ್ದ ತಾಮ್ರ +2ರಿಂದ ಸೊನ್ನೆಗೆ ಇಳಿದಿದೆ, ಕತ್ತಿಯ ಕಬ್ಬಿಣ ಸೊನ್ನೆಯಿಂದ +2ಕ್ಕೆ ಏರಿ ನೀರಿಗೆ ಇಳಿದಿದೆ. ಸುಣ್ಣ ಸಾಲದೆ ಉಳಿದ ತಾಮ್ರದ ಅಯಾನುಗಳ ಕೆಲಸವಿದು. ಹಾಗೆಯೇ ಮದ್ದು ಬಿಟ್ಟರೆ ಗಿಡದ ಎಳೆಯ ಭಾಗ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹೊಯ್ದು, ಕದಡಿ, ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿ ನೋಡಿ.