ಅಂಗಳದಲ್ಲಿ ಲಂಟಾನ: ಇರಬೇಕಾ, ಕೀಳಬೇಕಾ?

ನರ್ಸರಿಯಲ್ಲಿ ಲಂಟಾನದ ಕುಂಡ ಕಂಡರೆ ಕೈ ತಾನಾಗೇ ಮುಂದೆ ಹೋಗುತ್ತದೆ. ಒಂದೇ ಗೊಂಚಲಲ್ಲಿ ಹಳದಿ, ಕಿತ್ತಳೆ, ಕೆಂಪು. ಜಾಸ್ತಿ ನೀರು ಬೇಡ, ಗೊಬ್ಬರ ಕೇಳುವುದಿಲ್ಲ, ಚಿಟ್ಟೆಗಳಂತೂ ಬಂದೇ ಬರುತ್ತವೆ. ಈ ಚೆಂದ ನೋಡಿಯೇ ಅಲ್ವಾ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅದನ್ನು ಇಲ್ಲಿಗೆ ತಂದಿದ್ದು? ಅದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶಗಳು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಎಷ್ಟೋ ಕಡೆ ಮರಗಳ ಬುಡದಲ್ಲಿ ಹುಲ್ಲಿಲ್ಲ, ಲಂಟಾನವೇ ತುಂಬಿದೆ. ಜಿಂಕೆಗೆ ಮೇವಿಲ್ಲ. ಬೇಸಿಗೆಯಲ್ಲಿ ಒಣಗಿದ ಪೊದೆಗೆ ಕಿಡಿ ತಾಗಿದರೆ ಬೆಂಕಿ ಮರದವರೆಗೂ ಏರುತ್ತದೆ. ಈ ಕಾಡುಗಿಡ ಮತ್ತು ಕುಂಡದ ಗಿಡ ಹತ್ತಿರದ ನೆಂಟರು. ಹಾಗಾಗಿ ನೆಡುವ ಮುಂಚೆ ನಾಲ್ಕು ವಿಷಯ ನೋಡಿ.

ಮೊದಲು ಗುರುತು ಹಿಡಿಯಿರಿ. ಎಲೆಯನ್ನು ಉಜ್ಜಿದರೆ ಘಾಟು ವಾಸನೆ ಬರುತ್ತದೆ. ಎಳೆ ಕಾಂಡಕ್ಕೆ ನಾಲ್ಕು ಮೂಲೆ, ಬಹಳಷ್ಟು ಗಿಡಗಳಲ್ಲಿ ಸಣ್ಣ ಮುಳ್ಳು. ಹೂವು ಅಂಚಿನಿಂದ ಒಳಗೆ ಅರಳುತ್ತಾ ಹೋಗುತ್ತದೆ, ಹಳೆಯದಾದಂತೆ ಬಣ್ಣ ಬದಲಿಸುತ್ತದೆ. ಅದಕ್ಕೇ ಎಷ್ಟೋ ಗೊಂಚಲುಗಳಲ್ಲಿ ನಡುವೆ ಹಳದಿ, ಸುತ್ತ ಕೆಂಪು ಅಥವಾ ಗುಲಾಬಿ.

ಕಾಯಿ ಕಟ್ಟುತ್ತದೆಯೇ ನೋಡಿ. ಇದೇ ಮುಖ್ಯ ಪ್ರಶ್ನೆ. ಹಸಿರು ಕಾಯಿ ಹಣ್ಣಾಗಿ ಕಪ್ಪಗೆ ಮಿಂಚುತ್ತದೆ. ಪಿಕಳಾರದಂಥ ಹಕ್ಕಿಗಳು ಅದನ್ನು ತಿಂದು, ಬೀಜವನ್ನು ಎಲ್ಲೋ ಬೀಳಿಸುತ್ತವೆ. ನಿಮ್ಮ ಕಾಂಪೌಂಡ್ ಎಷ್ಟು ಎತ್ತರ ಇದ್ದರೂ ಇದಕ್ಕೆ ತಡೆಯಿಲ್ಲ, ಬಾಲ್ಕನಿಯ ಕುಂಡಕ್ಕೂ ಅದೇ ಮಾತು. ಕಾಯಿ ಬಿಡುವ ಲಂಟಾನ ಮನೆಯಂಗಳಕ್ಕೆ ತಕ್ಕದ್ದಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ. ‘ಹೈಬ್ರಿಡ್, ಬೀಜ ಆಗಲ್ಲ’ ಅಂತ ಮಾರುವವರು ಹೇಳಿದರೆ ಸುಮ್ನೆ ನಂಬಬೇಡಿ. ನಿಜಕ್ಕೂ ಬಂಜೆಯಾದ ತಳಿಗಳನ್ನು ಫ್ಲಾರಿಡಾ ವಿಶ್ವವಿದ್ಯಾಲಯ ಬೆಳೆಸಿದೆ. ಆದರೆ ಕಾಯಿ ಕಡಿಮೆ ಬಿಡುವ ಎಲ್ಲ ತಳಿಗಳೂ ಹಾಗಲ್ಲ. ಕೆಲವದರ ಪರಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸುತ್ತಲಿನ ಕಾಡು ಲಂಟಾನದಲ್ಲಿ ಬೀಜ ಕಟ್ಟಿಸುತ್ತದೆ. ನೆಲದ ಮೇಲೆ ಹಬ್ಬುವ ನೇರಳೆ ಹೂವಿನ ಲಂಟಾನ ಬೇರೆ ಜಾತಿ. ಅದರ ಕೊಂಬೆ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ.

ಈಗಾಗಲೇ ಇದ್ದರೆ, ಬುಡಸಮೇತ ತೆಗೆಯಿರಿ. ಕಾಯಿ ಹಣ್ಣಾಗುವ ಮುಂಚೆ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಕೆಲಸ ಸುಲಭ. ತುಂಬು ತೋಳಿನ ಬಟ್ಟೆ, ದಪ್ಪ ಕೈಗವಸು ಇರಲಿ. ಮೊದಲು ಕೊಂಬೆಗಳನ್ನು ಸವರಿ, ಬುಡಕ್ಕೆ ಕೈ ಹೋಗುವಂತೆ ಮಾಡಿಕೊಳ್ಳಿ. ಅಲ್ಲಿಗೇ ಕತ್ತರಿಸಿ ಬಿಟ್ಟರೆ ಶ್ರಮ ವ್ಯರ್ಥ, ಬುಡದಿಂದ ಒಂದರ ಬದಲು ಹತ್ತು ಚಿಗುರು ಏಳುತ್ತವೆ. ಬುಡದ ಸುತ್ತ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ 3–5 ಸೆಂಟಿಮೀಟರ್ ಕೆಳಗೆ ಗುದ್ದಲಿಯಿಂದ ಕಡಿಯಿರಿ. ಕಾಂಡ ಮತ್ತು ಬೇರು ಕೂಡುವ ಆ ಗಂಟಿನಲ್ಲೇ ಚಿಗುರುವ ಶಕ್ತಿ ಇರುವುದು, ಅದು ಮಣ್ಣಲ್ಲಿ ಉಳಿಯಬಾರದು. ಕಡಿದ ಬುಡವನ್ನು ತಲೆಕೆಳಗಾಗಿ, ಬೇರು ಮೇಲೆ ಮಾಡಿ ಬಿಸಿಲಿಗೆ ಒಣಗಿಸಿ. ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಮಾಡಿ ತೋರಿಸಿದ ಕ್ರಮ ಇದು.

ಕಾಯಿಗಳಿದ್ದರೆ ಬೇರೆಯಾಗಿ ಆರಿಸಿ ಚೀಲಕ್ಕೆ ತುಂಬಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಕಡಿದ ಕೊಂಬೆಯನ್ನು ದನ, ಕುರಿ, ಆಡು ಓಡಾಡುವ ಕಡೆ ಎಸೆಯಲೂಬೇಡಿ. ಮೇವು ಸಿಗದ ದಿನಗಳಲ್ಲಿ ಅವು ಇದನ್ನೂ ತಿನ್ನುತ್ತವೆ. ಎಲೆಯ ವಿಷ ಯಕೃತ್ತನ್ನು ಕೆಡಿಸುತ್ತದೆ. ಕಾಮಾಲೆ ಬರುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಪಾಪ, ನೋಡುವುದಕ್ಕಾಗುವುದಿಲ್ಲ.

ಖಾಲಿ ಜಾಗವನ್ನು ಹಾಗೇ ಬಿಡಬೇಡಿ. ಮಣ್ಣಿನಲ್ಲಿ ಹಳೆಯ ಬೀಜ ಉಳಿದಿರುತ್ತದೆ, ಬಿಸಿಲು ಬಿದ್ದರೆ ಏಳುತ್ತದೆ. ಚಿಟ್ಟೆಗಳಿಗಾಗಿ ಕೇಪಳ ನೆಡಿ. ಮಲೆನಾಡಿನಲ್ಲಿ ಅದನ್ನೇ ಗುಡ್ಡೆದಾಸವಾಳ ಅನ್ನುತ್ತಾರೆ. ನಮ್ಮ ನೆಲದ್ದೇ ಗಿಡ, ಕೆಂಪು ಗೊಂಚಲು, ಕತ್ತರಿಸಿದರೆ ಬೇಲಿಯಾಗಿಯೂ ಚೆನ್ನಾಗಿ ನಿಲ್ಲುತ್ತದೆ. ಅದು ಬಲಿಯುವವರೆಗೆ ಬುಡಕ್ಕೆ ತರಗೆಲೆ ಮುಚ್ಚಿಗೆ ಹಾಕಿ. ಮಳೆ ಬಂದು ಹೋದಾಗೆಲ್ಲ ಒಂದು ಸುತ್ತು ಬನ್ನಿ. ಲಂಟಾನದ ಸಸಿ ಬೆರಳುದ್ದ ಇರುವಾಗ ಬರಿಗೈಯಲ್ಲೇ ಬೇರುಸಹಿತ ಬರುತ್ತದೆ. ಮೊಳಕಾಲುದ್ದ ಆದರೆ ಮತ್ತೆ ಗುದ್ದಲಿ ಹಿಡಿಯಬೇಕು.